ಮುನ್ನೂರ ಹದಿನೆಂಟು ಪೆಟ್ಟಿಗೆ, ಒಂದು ಬೆನ್ನು

ಮೂವತ್ತೊಂದು ವರ್ಷ ಊರಿನವರ ಟಪಾಲು ಹೊತ್ತ ಆರ್ಡಿಸ್ ಕ್ಲಿಂಡ್ಟಳ ಬೆನ್ನು ಕೊನೆಗೆ ಸೋತಿದ್ದು ಒಂದು ರಬ್ಬರ್ ಬ್ಯಾಂಡಿಗೆ.

ಏಪ್ರಿಲ್ ತಿಂಗಳ ಒಂದು ಬುಧವಾರ. ಕ್ಲೇಬರ್ಗ್ ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಆರ್ಡಿಸ್ ಎಂದಿನಂತೆ ಬೆಳಗ್ಗೆ ಏಳಕ್ಕೇ ನಿಂತು ಟಪಾಲು ವಿಂಗಡಿಸುತ್ತಿದ್ದಳು. ಒಂದು ರಬ್ಬರ್ ಬ್ಯಾಂಡ್ ಕೆಳಗೆ ಬಿತ್ತು. ಬಾಗಿದಳು. ಸೊಂಟದಿಂದ ಕತ್ತಿನವರೆಗೆ ಒಂದು ಚಳುಕು ಹೊಡೆಯಿತು ನೋಡಿ, ಬಾಗಿದವಳು ಬಾಗಿದ ಹಾಗೆಯೇ ಉಳಿದಳು. ಪೋಸ್ಟ್‌ಮಾಸ್ಟರು ಓಡಿಬಂದು ಏನಾಯಿತೆಂದು ಕೇಳಿದರೆ, ಅವರ ಬೂಟುಗಳಿಗೆ ಮುಖ ಮಾಡಿಕೊಂಡೇ 'ಪರವಾಗಿಲ್ಲ' ಅಂದಳು.

ಕ್ಲೇಬರ್ಗಿನಲ್ಲಿ ಇದೊಂದು ಮಾತಿನಲ್ಲೇ ಸಂಸಾರ ಸಾಗುತ್ತದೆ. ಸುಂಟರಗಾಳಿಗೆ ದನದ ಕೊಟ್ಟಿಗೆಯ ಛಾವಣಿ ಹಾರಿ ಪಕ್ಕದ ಹೊಲ ಸೇರಿದರೂ ಪರವಾಗಿಲ್ಲ. ಮೆಕ್ಕೆಜೋಳ ಆಳೆತ್ತರ ಬೆಳೆದು ಕಣಜ ತುಂಬಿದರೂ ಪರವಾಗಿಲ್ಲ. ಅಮೆರಿಕದ ಅಯೋವಾ ರಾಜ್ಯದ ಈ ಮೂಲೆಗೆ ಜರ್ಮನಿಯಿಂದ ಬಂದು ನೆಲೆಸಿದವರ ಮೊಮ್ಮಕ್ಕಳು ಇವರು. ಸುಖವನ್ನಾಗಲಿ ದುಃಖವನ್ನಾಗಲಿ ಬಾಯಿಬಿಟ್ಟು ಹೇಳುವುದೆಂದರೆ ಅಂಗಿ ಬಿಚ್ಚಿ ಬೀದಿಯಲ್ಲಿ ನಿಂತಷ್ಟು ನಾಚಿಕೆ. ಮದುವೆಯ ದಿನ ಬಿಳಿಯ ನಿಲುವಂಗಿಯಲ್ಲಿ ಆರ್ಡಿಸ್ ಚರ್ಚಿನ ಬಾಗಿಲಿಗೆ ಬಂದಾಗ ಮದುಮಗ ಲೈಲ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದ್ದೂ ಅದೇ: ಪರವಾಗಿಲ್ಲ. ಆ ಹೊಗಳಿಕೆಯನ್ನು ಅವಳು ಮೂವತ್ತೆಂಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ.

ಆರ್ಡಿಸಳ ಬೆನ್ನಿನ ಕಥೆ ಹೇಳಬೇಕಾದರೆ ಅವಳ ಕಾರಿನ ಕಥೆ ಹೇಳಲೇಬೇಕು. ಹಳ್ಳಿಗಾಡಿನ ಅಂಚೆಯವರು ತಮ್ಮ ಸ್ವಂತ ಕಾರಿನಲ್ಲೇ ಟಪಾಲು ಹಂಚಬೇಕು. ಕಾರಿನ ಸ್ಟೀರಿಂಗ್ ಇರುವುದು ಎಡಕ್ಕೆ. ರಸ್ತೆಯಂಚಿನ ಅಂಚೆಪೆಟ್ಟಿಗೆಗಳು ಇರುವುದು ಬಲಕ್ಕೆ. ಆರ್ಡಿಸ್ ಇರುವುದು ಒಬ್ಬಳೇ. ಹಾಗಾಗಿ ಅವಳು ಬಲಗಡೆಯ ಸೀಟಿನಲ್ಲಿ ಕೂತು, ಎಡಗಾಲನ್ನು ಅಡ್ಡಲಾಗಿ ಚಾಚಿ ಬ್ರೇಕು ಒತ್ತಿ, ಎಡಗೈಯಲ್ಲಿ ಸ್ಟೀರಿಂಗ್ ಹಿಡಿದು, ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ ಪೆಟ್ಟಿಗೆಯ ಬಾಯಿ ತೆರೆದು ಟಪಾಲು ತುರುಕುತ್ತಿದ್ದಳು. ದಿನಕ್ಕೆ ಎಪ್ಪತ್ತು ಮೈಲಿ, ಮುನ್ನೂರ ಹದಿನೆಂಟು ಪೆಟ್ಟಿಗೆ. ಹೀಗೆ ಓಡಿಸಿ ಎಂಟು ಕಾರು ಗುಜರಿಗೆ ಹೋಗಿದ್ದವು. ಒಂಬತ್ತನೆಯದು ನಡೆಯುತ್ತಿತ್ತು. ಬೆನ್ನು ಮಾತ್ರ ಮೊದಲಿನದೇ.

ಅವಳಿಗೆ ಆ ದಾರಿಯೆಂದರೆ ಪ್ರಾಣ. ಯಾವ ಮನೆಯ ನಾಯಿಗೆ ಬಿಸ್ಕತ್ತು ಕೊಡಬೇಕು, ಯಾವ ಮನೆಯವರಿಗೆ ವಿದ್ಯುತ್ ಬಿಲ್ಲನ್ನು ಹುಟ್ಟುಹಬ್ಬದ ಶುಭಾಶಯ ಪತ್ರದ ಅಡಿಯಲ್ಲಿಟ್ಟು ಕೊಡಬೇಕು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಹಿಮ ಬಿದ್ದು ರಸ್ತೆ ಮುಚ್ಚಿದ ವರ್ಷ ಲೈಲನ ಟ್ರ್ಯಾಕ್ಟರ್ ಹತ್ತಿ ಹೋಗಿ ಟಪಾಲು ಕೊಟ್ಟವಳು ಅವಳು. ಅರವತ್ತೊಂದು ತುಂಬಿತ್ತು. ಕ್ರಿಸ್‌ಮಸ್ ಆದಾಗಿನಿಂದ ಪೋಸ್ಟ್‌ಮಾಸ್ಟರು ನಿವೃತ್ತಿಯ ಮಾತನ್ನು ಎರಡು ಸಲ ಎತ್ತಿದ್ದರು. ಎರಡು ಸಲವೂ ಅವಳು ಹವಾಮಾನದ ಮಾತಾಡಿದ್ದಳು.

ಈಗ ಅವರು ಅವಳನ್ನು ಮೆಲ್ಲಗೆ ಕುರ್ಚಿಯ ಮೇಲೆ ಕೂರಿಸಿ, ಇವತ್ತಿಗೆ ಪಕ್ಕದೂರಿನ ಬದಲಿ ಆಳನ್ನು ಕರೆಸುತ್ತೇನೆ, ನಾಳೆಯೂ ಕೂರಲಾಗದಿದ್ದರೆ ನಾಳೆಯೂ ಅವನೇ ಹೋಗಲಿ, ಆಮೇಲೆ ಮುಂದಿನದನ್ನು ಯೋಚಿಸೋಣ ಅಂದರು. ಆ 'ಮುಂದಿನದು' ಏನೆಂದು ಆರ್ಡಿಸ್‌ಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅದರಲ್ಲೂ ನಾಳೆ ಎಂಥ ದಿನ! ಆ ವಸಂತದ ಮೊದಲ ಕೋಳಿಮರಿಗಳು ಬರುವ ದಿನ. ಒಂದು ದಿನದ ಮರಿಗಳು, ತೂತುಗಳಿರುವ ರಟ್ಟಿನ ಪೆಟ್ಟಿಗೆಗಳಲ್ಲಿ, ಅಂಚೆಯಲ್ಲಿ. ಕಾರಿನ ತುಂಬ ಚಿಂವ್ ಚಿಂವ್. ಮೂವತ್ತೊಂದು ವರ್ಷದಲ್ಲಿ ಆರ್ಡಿಸ್ ಒಂದು ಮರಿ ದಿನವನ್ನೂ ತಪ್ಪಿಸಿರಲಿಲ್ಲ. ಬದಲಿಯವನು ಮರಿಗಳನ್ನು ಮನೆಗೆ ಒಯ್ಯುವವನಲ್ಲ. ಕಚೇರಿಗೆ ಬಂದು ಒಯ್ಯಿರಿ ಎಂದು ಅಂಚೆಪೆಟ್ಟಿಗೆಯಲ್ಲಿ ಚೀಟಿ ಹಾಕಿ ಹೋಗುವವನು. ದಾರಿಯ ಕೊನೆಗಿರುವ ಎಲ್ವೀರಾ ರೋಲ್ಫ್ಸ್‌ಗೆ ಐವತ್ತು ಮರಿ ಬರಬೇಕಿತ್ತು. ಎಂಬತ್ತನಾಲ್ಕರ ಒಂಟಿ ಹೆಂಗಸು, ಕಾರಿಲ್ಲ. ಚೀಟಿ ಹಿಡಿದುಕೊಂಡು ಹದಿನಾರು ಮೈಲಿ ನಡೆಯುತ್ತಾಳೆಯೇ?

ಮಧ್ಯಾಹ್ನ ಮನೆಗೆ ಬಂದ ಲೈಲ್, ಹೆಂಡತಿ ಅಡುಗೆಮನೆಯ ಗೋಡೆ ಹಿಡಿದುಕೊಂಡು ಕಾಫಿ ಸೋಸುತ್ತಿದ್ದುದನ್ನು ನೋಡಿ ಫೋನೆತ್ತಿ, ಬೆನ್ನೆಲುಬನ್ನು ಕೈಯಿಂದಲೇ ಒತ್ತಿ ಸರಿಪಡಿಸುವ ಕೈರೋಪ್ರ್ಯಾಕ್ಟರರ ಬಳಿ ಮೂರೂವರೆಗೆ ಹೊತ್ತು ಗೊತ್ತುಮಾಡಿದ.

ಬೆನ್ನಿನ ಡಾಕ್ಟರ ಬಳಿ ಹೋಗುವುದು ಆ ಸೀಮೆಯಲ್ಲಿ ಕ್ಷೌರಕ್ಕೆ ಹೋದಷ್ಟೇ ಸಲೀಸು. ಆ ವಿದ್ಯೆ ಹುಟ್ಟಿದ್ದೇ ಅಲ್ಲಿಗೆ ಒಂದು ಗಂಟೆಯ ದಾರಿಯ ನದೀತೀರದ ಊರಿನಲ್ಲಿ. ಹಂದಿ ಸಾಕುವವರು, ಹಾಲು ಕರೆಯುವವರು, ಶಾಲೆಯ ಬಸ್ ಓಡಿಸುವವರು ಎಲ್ಲರೂ ತಿಂಗಳಿಗೊಮ್ಮೆ ಹೋಗಿ ಬೆನ್ನಿನ ನೆಟಿಕೆ ತೆಗೆಸಿಕೊಂಡು ಬರುತ್ತಾರೆ. ಲೈಲ್ ಇಪ್ಪತ್ತು ವರ್ಷದಿಂದ ಹೋಗುತ್ತಿದ್ದ. ಆರ್ಡಿಸ್ ಮಾತ್ರ ಒಮ್ಮೆಯೂ ಹೋಗಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೋಗಿದ್ದಾಗ ಒಳಗಿನಿಂದ ಒಣಗಿದ ಮೆಕ್ಕೆಜೋಳದ ದಂಟು ಮುರಿದಂಥ ಸದ್ದು ಕೇಳಿತ್ತು. ಅಪ್ಪ ಸಿಳ್ಳೆ ಹಾಕುತ್ತ ಹೊರಗೆ ಬಂದಿದ್ದರು, ನಿಜ. ಆದರೆ ಅವಳ ಕಿವಿಯಲ್ಲಿ ಉಳಿದದ್ದು ಸಿಳ್ಳೆಯಲ್ಲ, ಆ ಸದ್ದು.

ದಾರಿಯಲ್ಲಿ, ಅಲ್ಲಿ ಏನು ಮಾಡುತ್ತಾರೆ ಎಂದು ಗಂಡನನ್ನು ಕೇಳಿದಳು. ಲೈಲ್ ಎರಡು ಮೈಲಿ ಯೋಚಿಸಿದ.

"ಮಲಗಿಸ್ತಾರೆ," ಅಂದ. ಇನ್ನೊಂದು ಮೈಲಿ ಕಳೆದ ಮೇಲೆ, "ಎಬ್ಬಿಸ್ತಾರೆ" ಅಂದ.

ಇಷ್ಟು ವಿವರ ಸಿಕ್ಕ ಮೇಲೆ ಆರ್ಡಿಸ್ ಮತ್ತೇನೂ ಕೇಳಲಿಲ್ಲ. ಬಲಗಡೆ ಕೂತಿದ್ದರಿಂದ, ಊರಿನ ನಾಲ್ಕು ರಸ್ತೆ ಕೂಡುವಲ್ಲಿ ಅವಳ ಎಡಗಾಲು ತಾನಾಗಿಯೇ ಅಡ್ಡ ಚಾಚಿ ಗಂಡನ ಪಾದದ ಮೇಲಿಂದ ಬ್ರೇಕು ಒತ್ತಿತು. ಚಳುಕಿಗೆ ಕಣ್ಣಲ್ಲಿ ನೀರು ಬಂತು.

ಹಾಸ್ ಮನೆತನದವರ ಚಿಕಿತ್ಸಾಲಯ ಹಳೆಯ ಮನೆಯೊಂದರ ಮುಂಭಾಗದಲ್ಲಿತ್ತು. ಅಜ್ಜ, ಅಪ್ಪ ಆದ ಮೇಲೆ ಈಗ ಮಗಳು ಜೊಲೀನ್ ಡಾಕ್ಟರು. ಮೇಜಿನ ಹಿಂದೆ ಕೂತು ಹೊತ್ತು ಬರೆದುಕೊಳ್ಳುವವಳು ಅವಳ ತಾಯಿ ಫರ್ನ್. ಫರ್ನ್ ಒಂದು ಕಾಗದ ಕೊಟ್ಟು ತುಂಬಲು ಹೇಳಿದಳು. ಹಿಂದೆ ಬಿದ್ದಿದ್ದಿರಾ, ಮೂಳೆ ಮುರಿದಿತ್ತಾ, ಕಾಲು ಜೋಮು ಹಿಡಿಯುತ್ತದೆಯೇ, ಯಾವ ಮಾತ್ರೆ ನುಂಗುತ್ತೀರಿ, ಏನು ಕೆಲಸ ಎಂಬ ಪ್ರಶ್ನೆಗಳು ಎರಡು ಪುಟ. ಕೊನೆಯಲ್ಲಿ, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದಿತ್ತು. ಆರ್ಡಿಸ್ ಒಂದು ಎಂದು ಬರೆದಳು. ಅಷ್ಟಕ್ಕೇ ಇಲ್ಲಿಗೆ ಬಂದದ್ದು ಅತಿಯಾಯಿತೇನೋ ಅನಿಸಿ, ಹೊಡೆದುಹಾಕಿ ಎರಡು ಮಾಡಿದಳು.

ಅವಳ ಸರದಿ ಬಂತು. ಅಷ್ಟರಲ್ಲಿ ಹಂದಿ ಸಾಕುವ ವರ್ಜಿಲ್ ಸ್ಟೋಲ್ಟೆ ಒಳಗೆ ಬಂದ. ನೀನು ಮೊದಲು ಹೋಗು, ನನಗೇನೂ ಅವಸರವಿಲ್ಲ, ಪರವಾಗಿಲ್ಲ ಅಂದಳು ಆರ್ಡಿಸ್. ಛೆ ಛೆ ನೀನೇ ಹೋಗು ಎಂದ ಅವನು. ಈ ನಾಡಿನ ಕ್ರಮದಂತೆ ಮೂರು ಸಲ ಬೇಡ ಅಂದು ನಾಲ್ಕನೆಯ ಸಲ ಒಪ್ಪಿಕೊಂಡ. ಆಮೇಲೆ ಬಸ್ ಓಡಿಸುವ ಹೆಂಗಸು ಬಂದಳು. ಅವಳನ್ನೂ ಮುಂದೆ ಕಳಿಸಿದ್ದಾಯಿತು. ಆಮೇಲೆ ಪಾದ್ರಿಗಳು. ದಾಕ್ಷಿಣ್ಯಕ್ಕೆ ಬಸಿರಾದರು ಎಂಬ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಗೋಡೆಯ ಗಡಿಯಾರ ಐದರ ಹತ್ತಿರ ಬಂದರೂ ಆರ್ಡಿಸ್ ಗಟ್ಟಿ ಕುರ್ಚಿಯ ಮೇಲೆ ಒಂದು ಪಕ್ಕಕ್ಕೆ ವಾಲಿಕೊಂಡು ಮುಗುಳ್ನಗುತ್ತಿದ್ದಳು.

ಕೊನೆಗೆ ಫರ್ನ್ ಕನ್ನಡಕ ತೆಗೆದಿಟ್ಟಳು.

"ಆರ್ಡಿಸ್, ಇನ್ನು ನಮ್ಮನೆ ಬೆಕ್ಕೊಂದು ಬಾಕಿ ಕಣೇ. ಅದನ್ನೂ ನಿನ್ನ ಮುಂದೆ ಕಳಿಸ್ಲಾ?"

ಆರ್ಡಿಸ್ ಏಳಲು ನೋಡಿದಳು. ಮೊದಲ ಸಲ ಆಗಲಿಲ್ಲ. ಎರಡನೆಯ, ಮೂರನೆಯ ಸಲವೂ ಆಗಲಿಲ್ಲ. ನಾಲ್ಕನೆಯ ಸಲ ಲೈಲನ ಭುಜ ಹಿಡಿದು ಎದ್ದಳು. ಆ ಹೊತ್ತಿಗೆ, ಮರೆತು ಹೋಗಿದ್ದ ತನ್ನ ಟೋಪಿಗಾಗಿ ವಾಪಸು ಬಂದಿದ್ದ ವರ್ಜಿಲ್ ಬಾಗಿಲಲ್ಲೇ ನಿಂತು ಇದನ್ನೆಲ್ಲ ನೋಡಿದ. ಯಾರ ಸರದಿಯಲ್ಲಿ ತಾನು ಬೆನ್ನು ನೆಟ್ಟಗೆ ಮಾಡಿಸಿಕೊಂಡೆ ಎಂಬುದು ಅವನಿಗೆ ಆಗ ಹೊಳೆಯಿತು. ಕೆಂಪು ಮುಖ ಇನ್ನಷ್ಟು ಕೆಂಪಾಯಿತು. ಟೋಪಿ ಕೈಗೆ ಸಿಕ್ಕರೂ ಅವನು ಹೋಗಲಿಲ್ಲ. ಒಂದು ಕುರ್ಚಿಯಲ್ಲಿ ಕೂತ.

ಒಳಗೆ ಡಾಕ್ಟರ್ ಜೊಲೀನ್ ಅವಳನ್ನು ಬರಿಗಾಲಲ್ಲಿ ನಿಲ್ಲಿಸಿ ಸುತ್ತು ಬಂದಳು. ಬಾಗಲು ಹೇಳಿದಳು, ತಿರುಗಲು ಹೇಳಿದಳು. ಮಲಗಿಸಿ ಒಂದೊಂದೇ ಕಾಲನ್ನು ಎತ್ತಿ ನೋಡಿದಳು, ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದಳು, ಪಾದ ಮರಗಟ್ಟುತ್ತದೆಯೇ ಎಂದು ಕೇಳಿದಳು. ಎಕ್ಸ್‌ರೇ ತೆಗೆದು ಬೆಳಕಿನ ಹಲಗೆಗೆ ಸಿಕ್ಕಿಸಿದಳು. ಆರ್ಡಿಸ್ ತನ್ನ ಬೆನ್ನೆಲುಬನ್ನು ಮೊದಲ ಬಾರಿಗೆ ನೋಡಿದಳು. ಅದು ತನ್ನ ಟಪಾಲು ದಾರಿಯ ಹಾಗೆಯೇ ಇತ್ತು: ನೆಟ್ಟಗೆ ಹೊರಟು, ಮಧ್ಯದಲ್ಲಿ ಬಲಕ್ಕೆ ತಿರುಗಿ, ಮತ್ತೆ ದಾರಿಗೆ ಬರುವಂಥದ್ದು.

"ಬಲ ಭುಜ ಇಳಿದಿದೆ, ಎಡ ಸೊಂಟ ಮುಂದೆ ಬಂದಿದೆ," ಎಂದಳು ಡಾಕ್ಟರು. "ನೀವು ಕಾಗದದಲ್ಲಿ ಕೆಲಸ ಬರೀದೇ ಇದ್ರೂ ಗೊತ್ತಾಗ್ತಿತ್ತು. ಮೂಳೆ ಮುರಿದಿಲ್ಲ, ನರಕ್ಕೂ ಏಟಿಲ್ಲ. ಆದ್ರೆ ನೋವು ಬರೀ ಎರಡು ಅಂತ ಬರೆದಿದ್ದೀರಲ್ಲ..."

ಪರವಾಗಿಲ್ಲ ಎಂದು ಆರ್ಡಿಸ್ ಶುರುಮಾಡಿದಳು. ಡಾಕ್ಟರು ಒಂದು ಸ್ಟೂಲು ಎಳೆದುಕೊಂಡು ಅವಳೆದುರು ಕೂತು, ತನ್ನ ತಂದೆ ಕಲಿಸಿದ ಮೊದಲ ಪಾಠ ಹೇಳಿದಳು: ಈ ಜಿಲ್ಲೆಯವರು ಏನು ಬರೆದರೂ ಅದಕ್ಕೆ ಐದು ಕೂಡಿಸಿಕೋ. ಅವರ ಕಾಲದಲ್ಲಿ ಒಬ್ಬನೇ ಒಬ್ಬ ಒಂಬತ್ತು ಎಂದು ಬರೆದದ್ದು, ಅವನೂ ಚಿಕಾಗೋದವನಂತೆ. ಆರ್ಡಿಸ್ ನಕ್ಕಳು. ನಕ್ಕದ್ದಕ್ಕೆ ಬೆನ್ನು ಹಿಡಿದುಕೊಂಡಿತು.

"ಇಲ್ಲಿ ನಾನು ಕೈ ಇಡ್ತೀನಿ," ಎಂದಳು ಜೊಲೀನ್, ಈಗ ನಗದೆ. "ಎಷ್ಟು ಒತ್ತಬೇಕು ಅನ್ನೋದು ನಿಮ್ಮ ನೋವಿನ ಮೇಲೆ ನಿಂತಿದೆ. ಮಗು ಅಳ್ದೇ ಇದ್ರೆ ಅಮ್ಮನಿಗೂ ತಿಳಿಯಲ್ಲ. ದಾಕ್ಷಿಣ್ಯ ಎಲ್ಲ ಹೊರಗೆ ನಮ್ಮಮ್ಮನ ಮೇಜಿನ ಹತ್ರ ಇಟ್ಬಿಡಿ. ನಿಜವಾಗಿ ಎಷ್ಟು?"

ಆರ್ಡಿಸ್ ನೆಲ ನೋಡಿದಳು. ಎಕ್ಸ್‌ರೇ ನೋಡಿದಳು. ನಾಳೆಯ ಮರಿಗಳನ್ನು ನೆನೆದಳು. ಬದಲಿಯವನ ಚೀಟಿ ಕೈಯಲ್ಲಿ ಹಿಡಿದು ರಸ್ತೆಯಂಚಿನಲ್ಲಿ ನಿಂತ ಎಲ್ವೀರಾಳನ್ನು ನೆನೆದಳು.

"ಎಂಟು," ಅಂದಳು.

ಹೇಳಿಬಿಟ್ಟ ಮೇಲೆ ಕಿವಿಯವರೆಗೆ ನಾಚಿಕೆಯಾಯಿತು. ಅದರ ಹಿಂದೆಯೇ ಭಾರ ಇಳಿಸಿದ ಹಾಗೆಯೂ ಆಯಿತು. ಎರಡು ಹೆರಿಗೆಯಲ್ಲೂ ಅವಳು ಯಾರಿಗೂ ಕೊಡದಿದ್ದ ಅಂಕಿ ಅದು.

ಆಮೇಲಿನದೆಲ್ಲ ಲೈಲ್ ಹೇಳಿದಂತೆಯೇ ನಡೆಯಿತು. ಮಲಗಿಸಿದರು. ಮುಖ ಇಡಲು ತೂತಿರುವ ಮಂಚ, ಅದರ ಮೇಲೆ ತೆಳ್ಳನೆಯ ಕಾಗದ. ಬೆನ್ನಿಗೆ ಹತ್ತು ನಿಮಿಷ ಬಿಸಿ ಚೀಲ. ಮೊದಲು ಬೆರಳುಗಳು ಒಂದೊಂದು ಕೀಲನ್ನೂ ಹುಡುಕುತ್ತ ಇಳಿದವು. ಆಮೇಲೆ ಪಕ್ಕಕ್ಕೆ ಹೊರಳಿಸಿ, ಒಂದು ಮೊಣಕಾಲು ಮಡಿಸಿ, ಭುಜದ ಮೇಲೊಂದು ಕೈ, ಸೊಂಟದ ಮೇಲೊಂದು ಕೈ ಇಟ್ಟು, ಉಸಿರು ಎಳೆಯಿರಿ, ಈಗ ಬಿಡಿ ಅಂದಳು ಡಾಕ್ಟರು. ಉಸಿರು ಬಿಡುವುದು ಇಷ್ಟು ಕಷ್ಟವೆಂದು ಆರ್ಡಿಸ್‌ಗೆ ಗೊತ್ತಿರಲಿಲ್ಲ. ಎರಡು ಸಲ ಬಿಟ್ಟಂತೆ ನಟಿಸಿದಳು. ಮೂರನೆಯ ಸಲ ನಿಜವಾಗಿ ಬಿಟ್ಟಳು, ಆ ಕ್ಷಣಕ್ಕೇ ಒಳಗೆಲ್ಲೋ ಲಟಲಟನೆ ನೆಟಿಕೆ ಮುರಿಯಿತು.

ಐವತ್ತು ವರ್ಷ ಹೆದರಿದ್ದ ಸದ್ದು ಅದು. ಬಂತು, ಹೋಯಿತು. ನೋಯಲಿಲ್ಲ. ಬದಲಿಗೆ ಬೆನ್ನಿನ ತುಂಬ ಬೆಚ್ಚಗೆ ಏನೋ ಹರಿಯಿತು, ಅವಳಿಗೆ ನಗು ಬಂತು. ತಡೆದಷ್ಟೂ ಬಂತು. ಮುಖದ ಕೆಳಗಿನ ಕಾಗದ ಹರಿಯುವಷ್ಟು ನಕ್ಕಳು. ಹೊರಗೆ ಕೂತಿದ್ದ ಲೈಲ್ ಕತ್ತೆತ್ತಿ ನೋಡಿದ. ಹೆಂಡತಿ ಹಾಗೆ ನಕ್ಕದ್ದನ್ನು ಅವನು ಕೊನೆಗೆ ಕೇಳಿದ್ದು ಯಾವ ವರ್ಷವೋ ಅವನಿಗೇ ನೆನಪಿರಲಿಲ್ಲ.

ಎಬ್ಬಿಸಿದ ಮೇಲೆ ಡಾಕ್ಟರು ಎಚ್ಚರಿಕೆಯ ಮಾತುಗಳನ್ನು ಹೇಳಿದಳು. ಇದು ಮಂತ್ರವಲ್ಲ, ಮೂವತ್ತೊಂದು ವರ್ಷದ್ದು ಒಂದು ಸಂಜೆಗೆ ಹೋಗುವುದಿಲ್ಲ. ನಾಳೆ ಮೈ ಕೈ ನೋಯಬಹುದು. ನೀರು ಕುಡಿಯಿರಿ, ಐಸ್ ಇಡಿ, ಶುಕ್ರವಾರ ಮತ್ತೆ ಬನ್ನಿ. ನಾಳೆ ಕಾರು ಓಡಿಸಬೇಕೆಂದರೆ ಓಡಿಸಿ. ಗಂಟೆಗೊಮ್ಮೆ ಇಳಿದು ನಡೆಯಿರಿ, ಭಾರ ಎತ್ತಬೇಡಿ. ಮುಖ್ಯವಾಗಿ ಎರಡು ವಾರ ಆ ಬಲಗೈಯನ್ನು ಕಿಟಕಿಯಿಂದಾಚೆ ಚಾಚಕೂಡದು.

ಆರ್ಡಿಸ್ ಹೊರಗೆ ಬಂದಳು, ಮುಕ್ಕಾಲು ಪಾಲು ನೆಟ್ಟಗೆ. ಫರ್ನಳ ಮೇಜಿನ ಮುಂದೆ ನಿಂತು ಶುಕ್ರವಾರದ ಹೊತ್ತು ಬರೆಸುತ್ತ ಮೊದಲ ಬಾರಿಗೆ ಗೊಣಗಿದಳು. ಒಮ್ಮೆ ನಿಜ ಹೇಳಿದ ನಾಲಿಗೆ ಇನ್ನೂ ಸಡಿಲವಾಗಿತ್ತು.

"ಕೈ ಚಾಚಬಾರದಂತೆ, ಫರ್ನ್. ಕೈ ಚಾಚದೆ ಮುನ್ನೂರ ಹದಿನೆಂಟು ಪೆಟ್ಟಿಗೆಗೆ ಟಪಾಲು ಹೇಗೆ ಹಾಕೋದು? ಹಾಕೋಕಾಗಲ್ಲ ಅಂದ್ರೆ ಆ ಬದಲಿಯವನು ಹೋಗ್ತಾನೆ. ಅವನು ಹೋದ್ರೆ ನಂದು ಮುಗೀತು."

ಜನರನ್ನು ಕೇಳು, ಕೈಗೇ ಕೊಡು, ಬಂದು ತೆಗೆದುಕೊಳ್ಳುತ್ತಾರೆ ಎಂದಳು ಫರ್ನ್. ಆರ್ಡಿಸ್ ಅವಳನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ಕೇಳುವುದೇ? ಮನೆ ಮನೆಗೆ ಫೋನು ಮಾಡಿ, ನನಗೆ ಆಗುವುದಿಲ್ಲ, ಬಂದು ನಿಲ್ಲಿ ಅನ್ನುವುದೇ? ಅದಕ್ಕಿಂತ ನಿವೃತ್ತಿಯೇ ವಾಸಿ. ಮೂಲೆಯ ಕುರ್ಚಿಯಲ್ಲಿ ವರ್ಜಿಲ್ ಟೋಪಿಯ ಅಂಚನ್ನು ತಿರುಗಿಸುತ್ತ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

ಆ ಸಂಜೆ ಲೈಲ್ ಕೊಟ್ಟಿಗೆಯಲ್ಲಿ ಏನೋ ಕುಟ್ಟಿ, ಉದ್ದನೆಯ ಕಡ್ಡಿಗೆ ಇಕ್ಕಳ ಕಟ್ಟಿ ತಂದುಕೊಟ್ಟ. ಟಪಾಲು ಹಿಡಿದು ಚಾಚಲು. ಅದು ಮೂರು ಪತ್ರಗಳಲ್ಲಿ ಎರಡನ್ನು ಬೀಳಿಸುತ್ತಿತ್ತು. ಆದರೂ ಆರ್ಡಿಸ್ ಅದನ್ನು ಕಾರಿನಲ್ಲಿಟ್ಟುಕೊಂಡಳು.

ಗುರುವಾರ ಬೆಳಗ್ಗೆ ಮೈ ಕೈ ನೋಯುತ್ತಿತ್ತು, ಆದರೆ ಅವಳು ತಾನಾಗಿ ಎದ್ದಳು. ಕಚೇರಿಯಲ್ಲಿ ಹನ್ನೊಂದು ಮರಿಪೆಟ್ಟಿಗೆಗಳು ಕೂಗಿ ಕೂಗಿ ಛಾವಣಿ ಹಾರಿಸುತ್ತಿದ್ದವು. ಪೋಸ್ಟ್‌ಮಾಸ್ಟರು ತಾವೇ ಎಲ್ಲವನ್ನೂ ಕಾರಿಗೆ ತುಂಬಿ, ಹನ್ನೆರಡರೊಳಗೆ ನೀನು ಅರ್ಧ ದಾರಿ ಮುಗಿಸಿರದಿದ್ದರೆ ಬದಲಿಯವನನ್ನು ಕಳಿಸುತ್ತೇನೆ ಅಂದರು.

ಮೊದಲ ಅಂಚೆಪೆಟ್ಟಿಗೆ ವರ್ಜಿಲ್‌ನದು. ಆರ್ಡಿಸ್ ಇಕ್ಕಳ ಕೈಗೆತ್ತಿಕೊಂಡು ಕಾರು ನಿಲ್ಲಿಸಿದರೆ, ಪೆಟ್ಟಿಗೆಯ ಪಕ್ಕದಲ್ಲಿ ವರ್ಜಿಲ್ ಕಾಫಿ ಲೋಟ ಹಿಡಿದು ನಿಂತಿದ್ದ. ಕಿಟಕಿಯೊಳಗೇ ಕೈ ಹಾಕಿ ತನ್ನ ಟಪಾಲು ತೆಗೆದುಕೊಂಡ.

"ಬೇಲಿ ಕಂಬ ನೋಡೋಣಾಂತ ಬಂದಿದ್ದೆ," ಅಂದ.

ಕಂಬಕ್ಕೇನೂ ಆಗಿರಲಿಲ್ಲ. ಎರಡನೆಯ ಪೆಟ್ಟಿಗೆಯ ಬಳಿ ಬಸ್ ಓಡಿಸುವ ಹೆಂಗಸು ನಿಂತಿದ್ದಳು, ಮೋಡ ನೋಡುತ್ತಿದ್ದೆ ಎಂದಳು. ಮೂರನೆಯದರ ಬಳಿ ಒಬ್ಬ ಮುದುಕ ಕುರ್ಚಿ ಹಾಕಿಕೊಂಡೇ ಕೂತಿದ್ದ, ಸುಮ್ಮನೆ ಬಿಸಿಲಿಗೆ ಎಂದ, ಬಿಸಿಲು ಇರಲಿಲ್ಲ. ಆಮೇಲೆ ಪಾದ್ರಿಗಳು. ಆಮೇಲೆ ಹಾಲಿನವರು. ಒಂದು ಮನೆಯಲ್ಲಿ ಯಾರೂ ಇರಲಾಗದೆ, ಪೆಟ್ಟಿಗೆಯ ಕಂಬವನ್ನೇ ಕಿತ್ತು ರಸ್ತೆಯತ್ತ ಒಂದಡಿ ಮುಂದಕ್ಕೆ ನೆಟ್ಟಿದ್ದರು. ಮಣ್ಣು ಇನ್ನೂ ಹಸಿ. ದಾರಿಯುದ್ದಕ್ಕೂ ಜನ ನಿಂತಿದ್ದರು, ಯಾರೂ ಬೆನ್ನಿನ ಮಾತೆತ್ತಲಿಲ್ಲ, ಎಲ್ಲರಿಗೂ ಬೇರೆ ಏನೋ ತುರ್ತು ಕೆಲಸವಿತ್ತು. ಹಿಂದಿನ ರಾತ್ರಿ ವರ್ಜಿಲನ ಫೋನಿಗೆ ಬಿಡುವಿರಲಿಲ್ಲವೆಂದು ಕಾಣುತ್ತದೆ. ಮರಿ ತರಿಸಿದ್ದವರು ತಾವೇ ಪೆಟ್ಟಿಗೆ ಎತ್ತಿಕೊಂಡರು. ಆರ್ಡಿಸ್‌ಗೆ ಯಾರಿಗೂ ಧನ್ಯವಾದ ಹೇಳಲು ಬರುವಂತಿರಲಿಲ್ಲ. ಅವರೆಲ್ಲ ಏನೂ ಮಾಡಿಯೇ ಇಲ್ಲವಲ್ಲ! ಹನ್ನೆರಡಕ್ಕೆ ಅರ್ಧ ದಾರಿಯಲ್ಲ, ಮುಕ್ಕಾಲು ದಾರಿ ಮುಗಿದಿತ್ತು. ಇಕ್ಕಳ ಹಿಂದಿನ ಸೀಟಿಗೆ ಹೋಗಿತ್ತು.

ಕೊನೆಯ ತಿರುವಿನಲ್ಲಿ ಎಲ್ವೀರಾ ರೋಲ್ಫ್ಸ್, ಎಂಬತ್ತನಾಲ್ಕರ ಹೆಂಗಸು, ಮಕ್ಕಳು ಆಡುವ ಕೆಂಪು ಕೈಬಂಡಿಗೆ ಹುಲ್ಲು ಹಾಸಿಕೊಂಡು ರಸ್ತೆಯಂಚಿಗೆ ಬಂದು ನಿಂತಿದ್ದಳು. ಮನೆಯಿಂದ ಅಲ್ಲಿಗೆ ಅವಳು ನಡೆದು ಎಷ್ಟು ಹೊತ್ತಾಗಿತ್ತೋ. ಮರಿಗಳ ಪೆಟ್ಟಿಗೆಯನ್ನು ಇಬ್ಬರೂ ಸೇರಿ ಬಂಡಿಗೆ ಇಳಿಸಿದರು. ತೂತಿನಿಂದ ಒಂದು ಹಳದಿ ಕೊಕ್ಕು ಇಣುಕಿತು.

ಎಲ್ವೀರಾ ಮಾತ್ರ ನೆಪ ಹೂಡಲಿಲ್ಲ. ಅವಳ ವಯಸ್ಸಿಗೆ ಅದೆಲ್ಲ ಬೇಕಿರಲಿಲ್ಲ.

"ಬೆನ್ನು ಹೇಗಿದೆ?" ಎಂದು ಕೇಳಿದಳು.

ಪರವಾಗಿಲ್ಲ ಎಂಬುದು ಆರ್ಡಿಸಳ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅವಳು ಉಸಿರು ಎಳೆದಳು, ಬಿಟ್ಟಳು.

"ನೋಯ್ತಾ ಇದೆ, ಎಲ್ವೀರಾ," ಅಂದಳು. "ನಿನ್ನೆ ಎಂಟಿತ್ತು. ಇವತ್ತು ಆರು."

ಎಲ್ವೀರಾ ಬೆಚ್ಚಿದಳು. ಆ ರಸ್ತೆಯಲ್ಲಿ ಯಾರೂ ಅಂಥ ಮಾತಾಡಿದ್ದನ್ನು ಎಂಬತ್ತನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ. ಬಂಡಿಯ ಹಿಡಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ದಾರಿಯ ಅತ್ತ ಕಡೆ, ಇತ್ತ ಕಡೆ ನೋಡಿದಳು. ಯಾರೂ ಇರಲಿಲ್ಲ.

"ನನ್ನ ಮೊಣಕಾಲು ಏಳು ಕಣೇ," ಎಂದಳು ಮೆಲ್ಲಗೆ. "ಹತ್ತು ವರ್ಷದಿಂದ."

ಶುಕ್ರವಾರ ಮೂರೂವರೆಗೆ ನಾನು ಹೋಗುವವಳಿದ್ದೇನೆ, ಲೈಲ್ ಕಾರು ತರುತ್ತಾನೆ, ನೀವೂ ಬನ್ನಿ ಎಂದಳು ಆರ್ಡಿಸ್. ಎಲ್ವೀರಾ ಮೂರು ಸಲ ಬೇಡ ಅನ್ನಬೇಕಿತ್ತು. ಒಂದೇ ಸಲಕ್ಕೆ ಹೂಂ ಅಂದು, ಐವತ್ತು ಮರಿಗಳ ಚಿಂವ್ ಚಿಂವ್ ಎಳೆದುಕೊಂಡು ಮನೆಯ ಕಡೆ ಹೊರಟಳು.